ಒಂದೇ ಬೀಮಿನ ಮೇಲೆ ಊರು ನೋಡುತ್ತಾ: ಮೊನೊರೈಲಿನ ಸುಖ, ಮೊನೊರೈಲಿನ ಕಷ್ಟ

ಮೊನೊರೈಲು ನಿಲ್ದಾಣ ಬಿಟ್ಟ ಮೇಲೆ ಕಿಟಕಿಯಿಂದ ಕೆಳಗೆ ಇಣುಕಿದರೆ ಹಳಿ ಕಾಣುವುದಿಲ್ಲ. ಪಕ್ಕದಲ್ಲಿ ತಡೆಗೋಡೆ ಇರುವುದಿಲ್ಲ, ತಲೆ ಮೇಲೆ ಕರೆಂಟಿನ ತಂತಿಯೂ ಇರುವುದಿಲ್ಲ. ನೇರವಾಗಿ ರಸ್ತೆ ಕಾಣುತ್ತದೆ. ಇಲ್ಲವೇ ನದಿ, ಮರದ ತುದಿ, ಯಾರದೋ ತಾರಸಿಯಲ್ಲಿ ಒಣಹಾಕಿದ ಬಟ್ಟೆ. ಮೊದಲ ಸಲ ಹತ್ತಿದವರು ಫೋನ್ ಒಳಗಿಟ್ಟು ಹೊರಗೆ ನೋಡಲು ಶುರು ಮಾಡುತ್ತಾರೆ. ಈ ಖುಷಿಯನ್ನು ಪ್ರವಾಸಿಗರ ಹುಚ್ಚು ಅಂತ ತಳ್ಳಿಹಾಕುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ದಿನಾ ಕೆಲಸಕ್ಕೆ ಹೋಗಿ ಬರುವವರಿಗೂ ಬೆಳಕು, ಗಾಳಿ, ಆಕಾಶ ಬೇಕು ಅಲ್ವಾ?

ಆದರೆ ಅದೇ ಕಿಟಕಿಯ ಬಳಿ ಕೂತು ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆ ಇದೆ. ರೈಲು ಇಲ್ಲೇ ಕೆಟ್ಟು ನಿಂತರೆ ನಾವು ಇಳಿಯುವುದು ಎಲ್ಲಿಗೆ?

ಖುಷಿಗೂ ಈ ಪ್ರಶ್ನೆಗೂ ಕಾರಣ ಒಂದೇ. ರೈಲಿನ ಕೆಳಗೆ ಇರುವುದು ಒಂದು ಬೀಮ್, ಅಂದರೆ ಕಂಬಗಳ ಮೇಲೆ ಕೂರಿಸಿದ ಉದ್ದನೆಯ ತೊಲೆ, ಅಷ್ಟೇ. ಮೊನೊರೈಲು ಯಾಕೆ ಇಷ್ಟವಾಗುತ್ತದೆ, ಯಾಕೆ ಕೈಕೊಡುತ್ತದೆ ಅನ್ನುವುದು ಅರ್ಥವಾಗಬೇಕಾದರೆ ಆ ಬೀಮನ್ನೇ ಸ್ವಲ್ಪ ಹತ್ತಿರದಿಂದ ನೋಡಬೇಕು.

ಬೀಮ್ ಮಾಡುವ ಕೆಲಸ

ಬಹುತೇಕ ಮೊನೊರೈಲುಗಳು ಕುದುರೆ ಸವಾರರ ಹಾಗೆ ಬೀಮಿನ ಎರಡೂ ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂರುತ್ತವೆ. ಬೀಮಿನ ಅಗಲ ಎಷ್ಟು ಅಂತೀರಿ? ಟೋಕಿಯೊದ ಹನೇಡ ವಿಮಾನ ನಿಲ್ದಾಣದ ಮಾರ್ಗದಲ್ಲಿ 80 ಸೆಂಟಿಮೀಟರ್. ಚೀನಾದ ಚೊಂಗ್‌ಚಿಂಗ್‌ನಲ್ಲಿ 85. ಬ್ರೆಜಿಲ್‌ನ ಸಾವೊ ಪಾವ್ಲೊದಲ್ಲಿ ಇನ್ನೂ ಕಮ್ಮಿ, 69 ಸೆಂಟಿಮೀಟರ್. ಒಂದು ಸಾಧಾರಣ ಬಾಗಿಲಿನಷ್ಟು ಅಗಲದ ಕಾಂಕ್ರೀಟಿನ ಮೇಲೆ ನೂರಾರು ಜನರನ್ನು ಹೊತ್ತ ರೈಲು ಗಂಟೆಗೆ 70-80 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ.

ಬೀಳುವುದಿಲ್ಲ ಹೇಗೆ? ಗುಟ್ಟು ಟೈರುಗಳಲ್ಲಿದೆ. ಬೋಗಿಯ ಭಾರ ಹೊರುವ ರಬ್ಬರ್ ಟೈರುಗಳು ಬೀಮಿನ ಮೇಲ್ಭಾಗದಲ್ಲಿ ಉರುಳುತ್ತವೆ. ಅವಲ್ಲದೆ ಅಡ್ಡಲಾಗಿ ಮಲಗಿಸಿದ ಚಿಕ್ಕ ಟೈರುಗಳು ಬೀಮನ್ನು ಎರಡೂ ಕಡೆಯಿಂದ ಒತ್ತಿ ಹಿಡಿದಿರುತ್ತವೆ. ಪಕ್ಕದ ಟೈರುಗಳಲ್ಲಿ ಮೇಲಿನ ಸಾಲು ದಾರಿ ತೋರಿಸುತ್ತದೆ, ಕೆಳಗಿನ ಸಾಲು ಬೋಗಿ ಒಂದು ಕಡೆಗೆ ವಾಲದಂತೆ ತಡೆಯುತ್ತದೆ. ಜಪಾನ್ ಮಾದರಿಯಲ್ಲಿ ಒಂದೊಂದು ಚಕ್ರದ ಚೌಕಟ್ಟಿಗೂ ಭಾರ ಹೊರಲು 4, ದಾರಿ ಹಿಡಿಯಲು 4, ವಾಲದಂತೆ ಕಾಯಲು 2 ಟೈರು. ಅಂಥ ಚೌಕಟ್ಟು ಬೋಗಿಗೆ ಎರಡು. ಅಂದರೆ ಒಂದೇ ಬೋಗಿಯಡಿ 20 ಟೈರು ದುಡಿಯುತ್ತಿರುತ್ತವೆ. ಕರೆಂಟು ಬರುವುದು ಬೀಮಿನ ಪಕ್ಕದಲ್ಲೇ ಓಡುವ ಲೋಹದ ಪಟ್ಟಿಯಿಂದ. ಹಾಗಾಗಿಯೇ ತಲೆ ಮೇಲೆ ತಂತಿಯ ಗೋಜಲಿಲ್ಲ.

ಇನ್ನೊಂದು ಜಾತಿ ನೇತಾಡುವ ಮೊನೊರೈಲು. ಹಳಿ ಮೇಲೆ, ಬೋಗಿ ಕೆಳಗೆ. ಜರ್ಮನಿಯ ವುಪ್ಪರ್ಟಾಲ್ ಊರಿನದು ಈ ಜಾತಿಯ ಹಿರಿಯ. 1901ರಲ್ಲಿ ಶುರುವಾಗಿ ಇವತ್ತಿಗೂ ಓಡುತ್ತಿದೆ. ಅದರ ಉದ್ದ 13.3 ಕಿಲೋಮೀಟರ್, ನಿಲ್ದಾಣಗಳು 20. ದಾರಿಯ ಬಹುಪಾಲು ವುಪ್ಪರ್ ನದಿಯ ಮೇಲೆಯೇ ಸಾಗುತ್ತದೆ. ಅದು ಚಂದಕ್ಕಾಗಿ ಮಾಡಿದ್ದಲ್ಲ. ಕಿರಿದಾದ ಕಣಿವೆ, ಎರಡೂ ಕಡೆ ಗುಡ್ಡ, ನಡುವೆ ನದಿ, ನದಿಯ ದಡದುದ್ದಕ್ಕೂ ಕಾರ್ಖಾನೆ, ಮನೆ. ರೈಲಿಗೆ ನೆಲದ ಮೇಲೆ ಜಾಗವೇ ಇರಲಿಲ್ಲ. ಖಾಲಿ ಇದ್ದದ್ದು ನದಿಯ ಮೇಲಿನ ಗಾಳಿ ಮಾತ್ರ. ಎಂಜಿನಿಯರುಗಳು ಅದನ್ನೇ ಬಳಸಿಕೊಂಡರು. ನೂರಿಪ್ಪತ್ತು ವರ್ಷ ಕಳೆದರೂ ಆ ಊರಿನವರಿಗೆ ಅದು ಶಾಲೆಗೆ, ಕೆಲಸಕ್ಕೆ ಹೋಗುವ ಮಾಮೂಲಿ ಗಾಡಿ. ತಿರುವು ಬಂದಾಗ ಬೋಗಿ ಹೊರಕ್ಕೆ ತೂಗುತ್ತದೆ. ಹೊಸಬರು ಕಂಬಿ ಹಿಡಿದುಕೊಳ್ಳುತ್ತಾರೆ, ಊರಿನವರು ಪೇಪರ್ ಓದುತ್ತಿರುತ್ತಾರೆ.

ಕೂತವರಿಗೆ ಏನು ಸಿಗುತ್ತದೆ

ಮೊದಲಿಗೆ ಸದ್ದು. ಉಕ್ಕಿನ ಚಕ್ರ ಉಕ್ಕಿನ ಹಳಿಯ ತಿರುವಿನಲ್ಲಿ ಉಜ್ಜಿದಾಗ ಏಳುವ ಕಿರ್ರ್ ಅನ್ನುವ ಸದ್ದು ರಬ್ಬರ್ ಟೈರಿನ ಮೊನೊರೈಲಿನಲ್ಲಿ ಇಲ್ಲ. ಟೈರಿನ ಗುಂಯ್ ಅನ್ನುವ ಸದ್ದು ಮಾತ್ರ. ಇದರ ಲಾಭ ಒಳಗಿರುವವರಿಗಿಂತ ಹೊರಗಿರುವವರಿಗೆ ಜಾಸ್ತಿ. ಮಾರ್ಗದ ಪಕ್ಕದ ಮನೆಯವರು ನಿದ್ದೆ ಮಾಡಬಹುದು.

ಆಮೇಲೆ ಏರು. ಉಕ್ಕಿನ ಚಕ್ರಕ್ಕೆ ಹಿಡಿತ ಕಮ್ಮಿ, ಕಡಿದಾದ ಏರು ಹತ್ತಲು ಒದ್ದಾಡುತ್ತದೆ. ರಬ್ಬರ್ ಟೈರಿಗೆ ಕಾಂಕ್ರೀಟಿನ ಮೇಲೆ ಒಳ್ಳೆ ಹಿಡಿತ. ನೂರು ಮೀಟರ್ ಹೋಗುವಷ್ಟರಲ್ಲಿ ಆರು ಮೀಟರ್ ಏರುವ ದಾರಿಯನ್ನು ಮೊನೊರೈಲು ಸಲೀಸಾಗಿ ಹತ್ತುತ್ತದೆ. ಬಿಗಿಯಾದ ತಿರುವುಗಳನ್ನೂ ತೆಗೆದುಕೊಳ್ಳುತ್ತದೆ. ಚೊಂಗ್‌ಚಿಂಗ್‌ ಮೊನೊರೈಲನ್ನು ಆರಿಸಿಕೊಂಡಿದ್ದು ಇದಕ್ಕೇ. ಅದು ಬೆಟ್ಟದ ಮೇಲೆ ಬೆಳೆದ ಊರು. ಒಂದು ರಸ್ತೆಯಿಂದ ನೋಡಿದರೆ ನೆಲಮಹಡಿ, ಹಿಂದಿನ ರಸ್ತೆಯಿಂದ ನೋಡಿದರೆ ಅದೇ ಹತ್ತನೇ ಮಹಡಿ ಆಗಿರುವ ಕಟ್ಟಡಗಳು ಅಲ್ಲಿವೆ. 2005ರಲ್ಲಿ ಶುರುವಾದ ಅಲ್ಲಿನ 2ನೇ ಮಾರ್ಗ ಜಿಯಾಲಿಂಗ್ ನದಿಯ ದಡ ಹಿಡಿದು ಗುಡ್ಡದ ಅಂಚಿನಲ್ಲಿ ಸಾಗುತ್ತದೆ. ಲಿಜಿಬಾ ಅನ್ನುವ ಕಡೆ ಒಂದು ವಸತಿ ಕಟ್ಟಡದ ಹೊಟ್ಟೆಯೊಳಗೇ ನುಗ್ಗಿ ಆಚೆ ಬರುತ್ತದೆ. ನಿಲ್ದಾಣ ಇರುವುದು ಕಟ್ಟಡದ 6ರಿಂದ 8ನೇ ಮಹಡಿಗಳಲ್ಲಿ. ಇದ್ದ ಕಟ್ಟಡವನ್ನು ಕೊರೆದು ರೈಲು ಬಿಟ್ಟರು ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗಲ್ಲ. ಕಟ್ಟಡ, ನಿಲ್ದಾಣ ಎರಡನ್ನೂ ಒಟ್ಟಿಗೇ ಯೋಜಿಸಿ ಕಟ್ಟಿದ್ದು. ರೈಲು ಸದ್ದಿಲ್ಲದೆ ಹೋಗುತ್ತದೆ ಅನ್ನುವ ನಂಬಿಕೆ ಇದ್ದದ್ದಕ್ಕೇ ಮೇಲಿನ ಮಹಡಿಗಳಲ್ಲಿ ಮನೆ ಮಾಡಲು ಸಾಧ್ಯವಾಯಿತು.

ರಸ್ತೆಯಲ್ಲಿ ನಡೆಯುವವರಿಗೂ ಮೊನೊರೈಲು ಸ್ವಲ್ಪ ಕರುಣೆ ತೋರಿಸುತ್ತದೆ. ಎತ್ತರಿಸಿದ ಮೆಟ್ರೊಗೆ ಎರಡು ಹಳಿ ಹಾಸಲು ಅಗಲವಾದ ಕಾಂಕ್ರೀಟ್ ಚಪ್ಪಡಿ ಬೇಕು. ಅದರಡಿ ಹಗಲಲ್ಲೂ ನೆರಳು. ಮೊನೊರೈಲಿನಲ್ಲಿ ಎರಡು ತೆಳು ಬೀಮ್, ನಡುವೆ ಬಯಲು. ಬಿಸಿಲು, ಮಳೆ ಎರಡೂ ನೆಲ ಮುಟ್ಟುತ್ತವೆ, ಕೆಳಗಿನ ಗಿಡ ಬದುಕುತ್ತದೆ.

ಎತ್ತರದಲ್ಲಿ ಹೋಗುವ ರೈಲಿನಿಂದ ಬೇರೆಯವರ ಮನೆಯೊಳಗೂ ಕಾಣುತ್ತದಲ್ಲ, ಆ ತೊಂದರೆಗೆ ದಕ್ಷಿಣ ಕೊರಿಯಾದ ಡೇಗು ನಗರ ಕಂಡುಕೊಂಡ ಉಪಾಯ ನನಗೆ ತುಂಬ ಮೆಚ್ಚುಗೆಯಾಯಿತು. 2015ರಲ್ಲಿ ಶುರುವಾದ ಅಲ್ಲಿನ 3ನೇ ಮಾರ್ಗದ ರೈಲುಗಳಲ್ಲಿ ಅಪಾರ್ಟ್‌ಮೆಂಟುಗಳ ಹತ್ತಿರ ಬರುತ್ತಿದ್ದಂತೆ ಕಿಟಕಿಯ ಗಾಜು ತಾನಾಗಿಯೇ ಮಸುಕಾಗುತ್ತದೆ. ದಾಟಿದ ಮೇಲೆ ಮತ್ತೆ ತಿಳಿಯಾಗುತ್ತದೆ. ಪ್ರಯಾಣಿಕರ ನೋಟಕ್ಕೂ ಮನೆಯವರ ಮಾನಕ್ಕೂ ಬೆಲೆ ಕೊಟ್ಟವರು ಮಾಡಿದ ಕೆಲಸ ಅದು.

ಎಲ್ಲ ಮೊನೊರೈಲೂ ಮೆತ್ತಗೆ ಹೋಗುತ್ತದೆ ಅಂದುಕೊಳ್ಳಬೇಡಿ. ಸಾಮಾನ್ಯ ರೈಲಿನಲ್ಲಿ ಹಳಿ ಸ್ವಲ್ಪ ಕುಸಿದರೆ ಕೆಳಗಿನ ಜಲ್ಲಿ ಒತ್ತಿ ಮತ್ತೆ ಸಮ ಮಾಡುತ್ತಾರೆ. ಇಲ್ಲಿ ಬೀಮೇ ಹಳಿ. ತಿರುವು, ಓರೆ, ಏರು ಎಲ್ಲವನ್ನೂ ಅಚ್ಚಿನಲ್ಲೇ ಎರಕ ಹೊಯ್ದು ತಂದು ಕಂಬದ ಮೇಲೆ ಕೂರಿಸಿರುತ್ತಾರೆ. ಎರಕದಲ್ಲಿ ತಪ್ಪಿದ್ದನ್ನು ಆಮೇಲೆ ಸರಿಮಾಡುವುದು ಬಲು ಕಷ್ಟ. ಎರಡು ಬೀಮ್ ಸೇರುವ ಕಡೆಯೆಲ್ಲ ದಡ್ ದಡ್ ಅಂತ ಕುಲುಕು ಬರುತ್ತಲೇ ಇರುತ್ತದೆ. ಹಳೆ ಮಾದರಿಯ ರೈಲುಗಳಲ್ಲಿ ಇನ್ನೊಂದು ತೊಡಕು. ಟೈರುಗಳು ಬೋಗಿಯ ನೆಲಕ್ಕಿಂತ ಮೇಲೆ ಚಾಚಿಕೊಂಡಿರುತ್ತವೆ. 1964ರ ಒಲಿಂಪಿಕ್ಸ್‌ಗೆ ಸ್ವಲ್ಪ ಮೊದಲು ಶುರುವಾದ ಟೋಕಿಯೊ ಮಾರ್ಗದಲ್ಲಿ ಹೋದರೆ ಇದು ಕಣ್ಣಿಗೆ ಬೀಳುತ್ತದೆ. ಬೋಗಿಯ ನಡುವೆ ನೆಲ ಉಬ್ಬಿದೆ, ಅದರ ಮೇಲೆ ಸೀಟು ಹಾಕಿದ್ದಾರೆ. ಕೂರಲು ಮಜಾ. ಆದರೆ ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ವಿಮಾನಕ್ಕೆ ಹೊರಟವರು ದಾರಿ ಮಾಡಿಕೊಳ್ಳಲು ತಿಣುಕಬೇಕು. ಚೊಂಗ್‌ಚಿಂಗ್, ಒಸಾಕದಂಥ ಮುಂದಿನ ಪೀಳಿಗೆಯ ರೈಲುಗಳಲ್ಲಿ ಬೋಗಿಯನ್ನೇ ಎತ್ತರಿಸಿ ನೆಲ ಸಮ ಮಾಡಿದರು.

ನಡುದಾರಿಯಲ್ಲಿ ನಿಂತಾಗ

2025ರ ಆಗಸ್ಟ್ 19ರಂದು ಮುಂಬೈಯಲ್ಲಿ ಜಡಿಮಳೆ. ಲೋಕಲ್ ರೈಲು ಓಡಾಟ ಅಸ್ತವ್ಯಸ್ತವಾಗಿ, ಮನೆ ಸೇರಲು ದಾರಿ ಹುಡುಕುತ್ತಿದ್ದ ಜನ ಮೊನೊರೈಲಿಗೆ ನುಗ್ಗಿದರು. ಸಂಜೆ ಮೈಸೂರ್ ಕಾಲೊನಿ ಮತ್ತು ಭಕ್ತಿ ಪಾರ್ಕ್ ನಿಲ್ದಾಣಗಳ ನಡುವೆ ತುಂಬಿದ ರೈಲು ನಿಂತೇಬಿಟ್ಟಿತು. ಕರೆಂಟು ಹೋಯಿತು, ಅದರ ಹಿಂದೆಯೇ ಎಸಿ ಹೋಯಿತು. ಕಿಟಕಿ ತೆಗೆಯುವ ಹಾಗಿಲ್ಲ. ಒಳಗೆ ಉಸಿರುಗಟ್ಟುವ ಸೆಕೆ. ಅಗ್ನಿಶಾಮಕ ದಳದವರು ಏಣಿ ಗಾಡಿಗಳನ್ನು ತಂದು, ಮಳೆಯಲ್ಲೇ, ಕೆಲವರನ್ನಷ್ಟೇ ಒಮ್ಮೆಗೆ ಇಳಿಸುತ್ತಾ 500ಕ್ಕೂ ಹೆಚ್ಚು ಜನರನ್ನು ಕೆಳಗೆ ತಂದರು. ಅದಕ್ಕೆ ಗಂಟೆಗಳೇ ಹಿಡಿದವು.

ಆಮೇಲೆ ಅಧಿಕಾರಿಗಳು ಕೊಟ್ಟ ವಿವರ ಹೀಗಿತ್ತು. ರೈಲು ತಾಳಬಹುದಾದ ತೂಕ 104 ಟನ್. ಅಂದು ಅದು 109 ಟನ್ ದಾಟಿತ್ತು. ಭಾರ ಹೆಚ್ಚಾಗಿ, ಬೀಮಿನ ಪಕ್ಕದ ಕರೆಂಟ್ ಪಟ್ಟಿಗೂ ರೈಲಿನ ಕರೆಂಟ್ ಹಿಡಿಯುವ ಭಾಗಕ್ಕೂ ಸಂಪರ್ಕ ತಪ್ಪಿತು.

ಲೆಕ್ಕ ಹಾಕಿ ನೋಡಿ. 5 ಟನ್ ಅಂದರೆ ತಲಾ 65 ಕಿಲೋ ಹಿಡಿದರೆ ಸುಮಾರು ಎಪ್ಪತ್ತೇಳು ಜನ ಜಾಸ್ತಿ. ಉಕ್ಕಿನ ಚಕ್ರದ ರೈಲಿನಲ್ಲಿ ಇಷ್ಟು ನೂಕುನುಗ್ಗಲು ದಿನನಿತ್ಯದ ಮಾತು, ಅದರಿಂದ ರೈಲು ನಿಲ್ಲುವುದಿಲ್ಲ. ಮೊನೊರೈಲಿನ ಕಥೆ ಬೇರೆ. ಒಂದೊಂದು ಟೈರು ಇಷ್ಟೇ ಭಾರ ಹೊರಬಹುದು ಅಂತ ಮಿತಿ ಇದೆ. ಬೀಮೂ ತೆಳು, ರೈಲೂ ಹಗುರ. ಎಲ್ಲವನ್ನೂ ಅಳೆದು ತೂಗಿ ಮಾಡಿರುತ್ತಾರೆ. ಊರಿನ ಬೇರೆ ಸಾರಿಗೆ ಕೈಚೆಲ್ಲಿದ ದಿನ, ಅಂದರೆ ಜನಕ್ಕೆ ತೀರಾ ಬೇಕಾದ ದಿನವೇ, ಆ ಅಳತೆ ಮೀರುತ್ತದೆ. ಆ ರೈಲಿಗೆ ಹತ್ತಿದವರನ್ನು ದೂರಿದವರೂ ಇದ್ದರು. ಮಳೆಯಲ್ಲಿ ಮನೆಗೆ ಹೊರಟವರು ತಮ್ಮ ತೂಕ ಕೂಡಿಸಿ ನೋಡಿ ಹತ್ತಬೇಕು ಅನ್ನುವುದು ನ್ಯಾಯವಲ್ಲ. ಮಿತಿ ಮೀರಿದರೆ ಬಾಗಿಲು ಮುಚ್ಚದೆ, ರೈಲು ಹೊರಡದ ಹಾಗೆ ನೋಡಿಕೊಳ್ಳುವುದು ನಡೆಸುವವರ ಹೊಣೆ.

ಇಳಿಸುವುದು ಯಾಕೆ ಅಷ್ಟು ಕಷ್ಟ? ಎತ್ತರಿಸಿದ ಮೆಟ್ರೊ ನಿಂತರೆ ಬಾಗಿಲು ತೆಗೆದು, ಹಳಿಯ ಪಕ್ಕದ ಕಾಲುದಾರಿಯಲ್ಲಿ ಮುಂದಿನ ನಿಲ್ದಾಣಕ್ಕೆ ನಡೆಸಿಕೊಂಡು ಹೋಗಬಹುದು. ಬರಿ ಬೀಮಿನ ಮೇಲೆ ನಿಂತ ರೈಲಿನ ಬಾಗಿಲಾಚೆ ಕಾಲಿಡಲು ಜಾಗವೇ ಇಲ್ಲ. ಆಗ ಉಳಿಯುವ ದಾರಿ ಕೆಲವೇ. ಹಿಂದಿನಿಂದ ಇನ್ನೊಂದು ರೈಲು ತಂದು ನಿಂತದ್ದನ್ನು ತಳ್ಳುವುದು, ಇಲ್ಲವೇ ಎಳೆಯುವುದು. ಪಕ್ಕದ ಬೀಮಿನ ಮೇಲೆ ರೈಲು ತಂದು ನಿಲ್ಲಿಸಿ, ನಡುವೆ ಹಲಗೆ ಹಾಕಿ ಜನರನ್ನು ದಾಟಿಸುವುದು. ಕೊನೆಗೆ ಏಣಿ. ಜಪಾನಿನ ರೈಲುಗಳಲ್ಲಿ ಒಬ್ಬೊಬ್ಬರನ್ನೇ ಹಗ್ಗದಲ್ಲಿ ಮೆಲ್ಲಗೆ ಇಳಿಸುವ ಸಾಧನ ಇಟ್ಟಿರುತ್ತಾರೆ. ಡೇಗುವಿನ ರೈಲುಗಳಲ್ಲಿ ಸುರುಳಿಯಾಗಿ ಜಾರಿಕೊಂಡು ಇಳಿಯುವ ಬಟ್ಟೆಯ ಕೊಳವೆ ಇದೆ. ಇವೆಲ್ಲ ಗಟ್ಟಿಮುಟ್ಟಾದವರಿಗೆ ಸರಿ. ಮಂಡಿ ನೋವಿನ ಅಜ್ಜಿ, ಕೈಗೂಸಿನ ತಾಯಿ, ಗಾಲಿಕುರ್ಚಿಯಲ್ಲಿ ಬಂದವರು ಹಗ್ಗ ಹಿಡಿದು ಇಳಿಯಬೇಕಾದ ಹೊತ್ತನ್ನು ನೆನೆಸಿಕೊಂಡರೆ ಎದೆ ಝಲ್ಲೆನ್ನುತ್ತದೆ.

ಇದಕ್ಕೆ ಪರಿಹಾರ ಇಲ್ಲದಿಲ್ಲ. ಸಾವೊ ಪಾವ್ಲೊ ಮತ್ತು ಬ್ಯಾಂಕಾಕ್‌ನ ಹೊಸ ಮಾರ್ಗಗಳಲ್ಲಿ ಎರಡು ಬೀಮಿನ ನಡುವೆ ಉದ್ದಕ್ಕೂ ಕಾಲುದಾರಿ ಹಾಕಿದ್ದಾರೆ. ರೈಲು ಎಲ್ಲೇ ನಿಂತರೂ ನಡೆದು ಹೋಗಬಹುದು. ಆದರೆ ಕಾಲುದಾರಿ ಬಂದ ಕೂಡಲೇ ನಡುವಿನ ಬಯಲು ಮುಚ್ಚುತ್ತದೆ, ಖರ್ಚೂ ಏರುತ್ತದೆ. ಮೊನೊರೈಲು ತೆಳ್ಳಗೆ, ಅಗ್ಗಕ್ಕೆ ಆಗುತ್ತದೆ ಅನ್ನುವ ಮಾತು ಅಷ್ಟರಮಟ್ಟಿಗೆ ಬಲ ಕಳೆದುಕೊಳ್ಳುತ್ತದೆ. ನನ್ನ ಮಟ್ಟಿಗೆ ಇದರಲ್ಲಿ ಚೌಕಾಶಿ ಇಲ್ಲ. ಕಾಲುದಾರಿ ಇಲ್ಲದೆ ಇವತ್ತು ಹೊಸ ಮಾರ್ಗ ಕಟ್ಟುವುದು ತಪ್ಪು.

ಕೆಳಗೆ ಚಪ್ಪಡಿ ಇಲ್ಲ ಅನ್ನುವುದು ರಸ್ತೆಯಲ್ಲಿರುವವರಿಗೂ ಸಂಬಂಧಪಟ್ಟದ್ದು. ರೈಲಿನಿಂದ ಏನಾದರೂ ಕಳಚಿ ಬಿದ್ದರೆ ತಡೆಯುವುದು ಯಾವುದೂ ಇಲ್ಲ. 2004ರಲ್ಲಿ ಲಾಸ್ ವೇಗಸ್ ಮೊನೊರೈಲು ಶುರುವಾದ ಕೆಲವೇ ತಿಂಗಳಲ್ಲಿ ಬಿಡಿಭಾಗಗಳು ಕಳಚಿ ಬಿದ್ದು, ವರ್ಷದ ಕೊನೆಯವರೆಗೆ ಓಡಾಟ ನಿಲ್ಲಿಸಬೇಕಾಯಿತು. 2018ರಲ್ಲಿ ವುಪ್ಪರ್ಟಾಲ್‌ನಲ್ಲಿ ಕರೆಂಟ್ ಪಟ್ಟಿಯ ಉದ್ದನೆಯ ತುಂಡೇ ಕೆಳಕ್ಕೆ ಬಿತ್ತು, ಮುಂದಿನ ವರ್ಷದ ಆಗಸ್ಟ್‌ವರೆಗೆ ರೈಲು ಓಡಲಿಲ್ಲ. 2024ರ ಜನವರಿಯಲ್ಲಿ ಬ್ಯಾಂಕಾಕ್‌ನ ಹಳದಿ ಮಾರ್ಗದ ರೈಲಿನಿಂದ ಚಕ್ರವೊಂದು ಕಳಚಿ ಕೆಳಗೆ ಹೋಗುತ್ತಿದ್ದ ಟ್ಯಾಕ್ಸಿಗೆ ಬಡಿಯಿತು.

ಹಾಗಂತ ಮೊನೊರೈಲು ಅಪಾಯದ ಗಾಡಿ ಅಂತ ತೀರ್ಮಾನಿಸಬೇಡಿ. ಬೀಮನ್ನು ತಬ್ಬಿಕೊಂಡಿರುವುದರಿಂದ ಹಳಿ ತಪ್ಪುವುದು ತೀರಾ ಅಪರೂಪ. ರಸ್ತೆಯ ವಾಹನದ ಜೊತೆ ಡಿಕ್ಕಿಯ ಮಾತೇ ಇಲ್ಲ. ವುಪ್ಪರ್ಟಾಲ್‌ನಲ್ಲಿ ಪ್ರಯಾಣಿಕರು ಸತ್ತ ದೊಡ್ಡ ಅಪಘಾತ ಆಗಿದ್ದು 1999ರ ಏಪ್ರಿಲ್‌ನಲ್ಲಿ. ರಾತ್ರಿ ರಿಪೇರಿ ಮಾಡಿದವರು ಹಳಿಯ ಮೇಲೆ ಬಿಟ್ಟುಹೋದ ಕಬ್ಬಿಣದ ಕ್ಲ್ಯಾಂಪಿಗೆ ಬೆಳಗಿನ ಮೊದಲ ರೈಲು ಬಡಿದು ನದಿಗೆ ಬಿತ್ತು, 5 ಜನ ತೀರಿಕೊಂಡರು. ಅದಕ್ಕೆ ಮೊದಲು 98 ವರ್ಷ ಆ ರೈಲು ಓಡಿತ್ತು. ನಿಜವಾದ ತೊಂದರೆ ಅಪಾಯಕ್ಕಿಂತ ಹೆಚ್ಚಾಗಿ ಅಸಹಾಯಕತೆ. ಚಿಕ್ಕ ಕೆಡುಕು ಕೂಡ ಇಲ್ಲಿ ದೊಡ್ಡ ಪಡಿಪಾಟಲಾಗುತ್ತದೆ.

ದಾರಿ ಬದಲಿಸುವುದು

ಸಾಮಾನ್ಯ ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ಹೋಗುವಾಗ ಸರಿಯುವುದು ಎರಡು ತೆಳು ಉಕ್ಕಿನ ಪಟ್ಟಿ, ಅದೂ ಕೆಲವೇ ಸೆಂಟಿಮೀಟರ್. ಮೊನೊರೈಲಿನಲ್ಲಿ ಬೀಮನ್ನೇ ಸರಿಸಬೇಕು. ತುಂಡು ತುಂಡಾಗಿ ಜೋಡಿಸಿದ ಭಾರಿ ಉಕ್ಕಿನ ಬೀಮು, ಗಾಲಿಗಳ ಮೇಲೆ ಕೂತು, ಮೋಟಾರಿನ ಬಲದಿಂದ ಮೆಲ್ಲಗೆ ಬಾಗಿ ಪಕ್ಕದ ಬೀಮಿಗೆ ಹೋಗಿ ಸೇರುತ್ತದೆ. ಡಿಪೋ ಬಳಿ ನಿಂತು ನೋಡಿದರೆ ಬೆರಗಾಗುತ್ತದೆ. ಆದರೆ ನಿಧಾನ, ದುಬಾರಿ, ಜಾಗವೂ ಜಾಸ್ತಿ ಬೇಕು. ಹಾಗಾಗಿ ಆದಷ್ಟು ಕಮ್ಮಿ ಕಡೆ ಹಾಕುತ್ತಾರೆ.

ಪ್ರಯಾಣಿಕರಿಗೆ ಇದರ ಬಿಸಿ ತಟ್ಟುವುದು ಹೀಗೆ. ಮುಂದಿನ ರೈಲು ಕೆಟ್ಟರೆ ಹಿಂದಿನದು ಪಕ್ಕದ ಬೀಮಿಗೆ ದಾಟಿ ಮುಂದೆ ಹೋಗಲು ಹತ್ತಿರದಲ್ಲಿ ದಾರಿ ಇರುವುದಿಲ್ಲ. ಇಡೀ ಮಾರ್ಗ ನಿಲ್ಲುತ್ತದೆ. ಕವಲು ಮಾರ್ಗ ಕಮ್ಮಿ, ಎಕ್ಸ್‌ಪ್ರೆಸ್ ಗಾಡಿ ಅಪರೂಪ. ಟೋಕಿಯೊ ಮಾರ್ಗದಲ್ಲಿ 2007ರಲ್ಲಿ ಶೋವಾಜಿಮಾ ನಿಲ್ದಾಣದಲ್ಲಿ ಹೆಚ್ಚುವರಿ ಬೀಮ್ ಹಾಕಿ, ನಿಧಾನದ ರೈಲನ್ನು ಬದಿಗೆ ಸರಿಸಿ ವೇಗದ ರೈಲು ಮುಂದೆ ಹೋಗುವ ಏರ್ಪಾಡು ಮಾಡಿದರು. ಆಗದ ಕೆಲಸವೇನಲ್ಲ, ಮುಂಚೆಯೇ ಯೋಚಿಸಿ ದುಡ್ಡು ಹಾಕಬೇಕು.

ಜಾಗ ಸಾಲದೆ ರಾಜಿ ಮಾಡಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಸಿಯಾಟಲ್ ಉದಾಹರಣೆ. 1962ರ ವಿಶ್ವ ಮೇಳಕ್ಕೆ ಕಟ್ಟಿದ ಆ ಪುಟ್ಟ ಮಾರ್ಗದ ಒಂದು ತುದಿಯ ನಿಲ್ದಾಣವನ್ನು 1988ರಲ್ಲಿ ಹೊಸ ಜಾಗಕ್ಕೆ ಬದಲಿಸಿದರು. ಅಲ್ಲಿ ತಿರುವಿನಲ್ಲಿ ಎರಡು ಬೀಮ್‌ಗಳು ಎಷ್ಟು ಹತ್ತಿರ ಬಂದವೆಂದರೆ ಎರಡು ರೈಲು ಒಟ್ಟಿಗೆ ಹಾಯುವ ಹಾಗಿರಲಿಲ್ಲ. 2005ರ ನವೆಂಬರ್‌ನಲ್ಲಿ ಎರಡೂ ಒಟ್ಟಿಗೆ ಬಂದು ಪಕ್ಕಕ್ಕೆ ಪಕ್ಕ ಉಜ್ಜಿಕೊಂಡವು. 1962ರ ಅವೇ ರೈಲುಗಳು ಅಲ್ಲಿ ಇವತ್ತಿಗೂ ಓಡುತ್ತಿವೆ ಅನ್ನುವುದು ಸಂತೋಷದ ಮಾತು.

ಒಬ್ಬನೇ ವ್ಯಾಪಾರಿ

ಇದು ಹೊರಗಿನಿಂದ ಕಾಣದ, ಆದರೆ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸುವ ಕೊರತೆ. ಸಾಮಾನ್ಯ ರೈಲಿನ ಹಳಿಗಳ ನಡುವಿನ ಅಂತರಕ್ಕೆ ಪ್ರಪಂಚ ಒಪ್ಪಿದ ಕೆಲವು ಅಳತೆಗಳಿವೆ. ಒಂದು ಕಂಪನಿ ಮುಚ್ಚಿದರೆ ಇನ್ನೊಂದರಿಂದ ರೈಲು ತರಿಸಬಹುದು. ಮೊನೊರೈಲಿನಲ್ಲಿ ಬೀಮಿನ ಅಗಲ, ಎತ್ತರ, ಕರೆಂಟ್ ಪಟ್ಟಿಯ ಜಾಗ, ಟೈರಿನ ಜೋಡಣೆ ಎಲ್ಲವೂ ಕಂಪನಿಗೊಂದು ಥರ. 69 ಸೆಂಟಿಮೀಟರ್ ಬೀಮಿಗೆ ಮಾಡಿದ ರೈಲು 85 ಸೆಂಟಿಮೀಟರ್ ಬೀಮಿನ ಮೇಲೆ ಕೂರುವುದೇ ಇಲ್ಲ. ಒಮ್ಮೆ ಬೀಮ್ ಹಾಕಿದ ಮೇಲೆ ನಗರ ಆ ಕಂಪನಿಯ ಕೈಯಲ್ಲಿ.

ಮುಂಬೈಯಲ್ಲಿ ಆದದ್ದೂ ಇದೇ. ಮೊದಲ ಹಂತ 2014ರ ಫೆಬ್ರವರಿಯಲ್ಲಿ ಶುರುವಾಯಿತು. ರೈಲು ಕೊಟ್ಟದ್ದು ಮಲೇಷ್ಯಾದ ಸ್ಕೋಮಿ ಕಂಪನಿ. 2017ರ ನವೆಂಬರ್‌ನಲ್ಲಿ ನಿಲ್ದಾಣದಲ್ಲಿ ನಿಂತಿದ್ದ ಖಾಲಿ ರೈಲಿಗೆ ಬೆಂಕಿ ಬಿತ್ತು. ಹತ್ತು ತಿಂಗಳು ಸೇವೆ ಬಂದ್. 2018ರ ಕೊನೆಗೆ ನಡೆಸುತ್ತಿದ್ದವರ ಗುತ್ತಿಗೆ ರದ್ದಾಯಿತು. ಎರಡನೇ ಹಂತ ಸೇರಿ ಮಾರ್ಗ ಸುಮಾರು 20 ಕಿಲೋಮೀಟರ್ ಆಗಿದ್ದು 2019ರಲ್ಲಿ. ಅಷ್ಟರಲ್ಲಿ ಬಿಡಿಭಾಗಗಳಿಗೆ ಬರ. ಓಡಬೇಕಾದ ರೈಲುಗಳಲ್ಲಿ ಕೆಲವು ಡಿಪೋದಲ್ಲೇ ಉಳಿದವು. ಎರಡು ರೈಲುಗಳ ನಡುವೆ ಕಾಲು ಗಂಟೆಗೂ ಜಾಸ್ತಿ ಅಂತರ. ಅಷ್ಟು ಹೊತ್ತು ಪ್ಲಾಟ್‌ಫಾರ್ಮಿನಲ್ಲಿ ನಿಂತು ಕಾಯುವ ಬದಲು ಜನ ಬಸ್ಸು, ಲೋಕಲ್ ಹಿಡಿದರು. ರೈಲು ಖಾಲಿ ಓಡಿತು. ಖಾಲಿ ಓಡುವ ರೈಲಿಗೆ ದುಡ್ಡು ಹಾಕಲು ಯಾರಿಗೂ ಮನಸ್ಸಿರುವುದಿಲ್ಲ. ಅಲ್ಲಿಗೆ ಅಂತರ ಕಮ್ಮಿಯಾಗುವ ದಾರಿಯೂ ಮುಚ್ಚಿತು.

ಮೊನೊರೈಲು ಬೇಗ ಕಟ್ಟಬಹುದು, ಅಗ್ಗ ಅನ್ನುವ ಆಸೆಗೆ ಬಿದ್ದವರು ಈ ಭಾಗವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೀಮಿನಲ್ಲಿ ಉಳಿತಾಯ ಇರುವುದು ನಿಜ. ಆದರೆ ನಿಲ್ದಾಣ, ಲಿಫ್ಟು, ಸಿಗ್ನಲ್ಲು, ಡಿಪೋ ಇವಕ್ಕೆ ಮೆಟ್ರೊಗಾಗುವಷ್ಟೇ ಖರ್ಚು. ಜಕಾರ್ತದಲ್ಲಿ 2004ರಲ್ಲಿ ಶುರುವಾದ ಕೆಲಸ ದುಡ್ಡಿನ ತಕರಾರಿನಲ್ಲಿ ನಿಂತುಹೋಗಿ, ರಸ್ತೆ ನಡುವಿನ ಕಂಬಗಳು ವರ್ಷಗಟ್ಟಲೆ ಬೀಮಿಲ್ಲದೆ ನಿಂತಿದ್ದವು.

ಹತ್ತುವ ಮೊದಲು, ಇಳಿದ ಮೇಲೆ

ಮೊನೊರೈಲಿನ ಪ್ರಯಾಣ ರೈಲಿನೊಳಗೆ ಶುರುವಾಗುವುದಿಲ್ಲ. ಫುಟ್‌ಪಾತಿನಿಂದ ಶುರುವಾಗುತ್ತದೆ. ಬೀಮಿನಡಿ ಲಾರಿ, ಬಸ್ಸು ಹಾಯಬೇಕು. ಅದರ ಮೇಲೆ ರೈಲು. ಹಾಗಾಗಿ ಪ್ಲಾಟ್‌ಫಾರ್ಮ್ ಎರಡು ಮೂರು ಮಹಡಿ ಮೇಲಿರುತ್ತದೆ. 2 ಕಿಲೋಮೀಟರ್ ದೂರ ಹೋಗಬೇಕು ಅಂತಿಟ್ಟುಕೊಳ್ಳಿ. ನಿಲ್ದಾಣಗಳಲ್ಲಿ ನಿಲ್ಲುವುದನ್ನೂ ಸೇರಿಸಿ ಗಂಟೆಗೆ 30 ಕಿಲೋಮೀಟರ್ ಲೆಕ್ಕದಲ್ಲಿ ರೈಲಿನೊಳಗೆ ಕಳೆಯುವುದು 4 ನಿಮಿಷ. ಹತ್ತಲು ಇಳಿಯಲು 5 ನಿಮಿಷ, ಕಾಯಲು ಇನ್ನೊಂದು 5. ಎಸ್ಕಲೇಟರ್ ಕೆಟ್ಟಿದ್ದರಂತೂ ಮುಗಿದೇಹೋಯಿತು. ಚಿಕ್ಕ ದೂರಕ್ಕೆ ಮೊನೊರೈಲು ಕಟ್ಟಿದ ಊರುಗಳು ಸೋಲುವುದು ಇಲ್ಲೇ.

ಸಿಡ್ನಿಯ ಮೊನೊರೈಲು 3.6 ಕಿಲೋಮೀಟರ್ ಸುತ್ತು. 1988ರಲ್ಲಿ ಶುರುವಾಗಿ 2013ರ ಜೂನ್ 30ಕ್ಕೆ ನಿಂತಿತು. ಅದರಲ್ಲಿದ್ದದ್ದು ಒಂದೇ ಬೀಮ್, ರೈಲು ಒಂದೇ ದಿಕ್ಕಿಗೆ ಸುತ್ತುತ್ತಿತ್ತು. ಹಿಂದಿನ ನಿಲ್ದಾಣಕ್ಕೆ ಹೋಗಬೇಕಾದರೆ ಊರೆಲ್ಲ ಸುತ್ತಿ ಬರಬೇಕು! ಕೆಲಸಕ್ಕೆ ಹೋಗುವವರು ಅದನ್ನು ಯಾಕೆ ಹತ್ತುತ್ತಾರೆ? ಲಾಸ್ ವೇಗಸ್‌ನದು ದೊಡ್ಡ ಹೋಟೆಲ್ಲುಗಳ ಹಿಂಭಾಗದಲ್ಲಿ ಓಡುತ್ತದೆ. ಮುಖ್ಯ ರಸ್ತೆಯಲ್ಲಿರುವವರು ಹೋಟೆಲಿನೊಳಗೆ ತುಂಬ ದೂರ ನಡೆದು ನಿಲ್ದಾಣ ಹುಡುಕಬೇಕು. ವಿಮಾನ ನಿಲ್ದಾಣಕ್ಕೆ ಅದು ಹೋಗುವುದೇ ಇಲ್ಲ. ಅದನ್ನು ನಡೆಸುತ್ತಿದ್ದ ಸಂಸ್ಥೆ 2010ರಲ್ಲಿ ದಿವಾಳಿ ಅರ್ಜಿ ಹಾಕಿತು.

ಇವುಗಳ ಎದುರಿಗೆ ಟೋಕಿಯೊದ ಹನೇಡ ಮಾರ್ಗ ಇಟ್ಟು ನೋಡಿ. 17.8 ಕಿಲೋಮೀಟರ್. ಒಂದು ತುದಿಯಲ್ಲಿ ವಿಮಾನ ನಿಲ್ದಾಣ, ಇನ್ನೊಂದು ತುದಿಯ ಹಮಾಮತ್ಸುಚೋದಲ್ಲಿ ಇಳಿದು ಊರೊಳಗಿನ ರೈಲು ಹಿಡಿಯಬಹುದು. ಅದೇ ಮಹಾನಗರದ ಪಶ್ಚಿಮಕ್ಕಿರುವ ತಾಮಾ ಮೊನೊರೈಲಿಗೆ ಹೆಸರು ಕಮ್ಮಿ, ಆದರೆ ನನಗೆ ಅದರ ಮೇಲೆ ಗೌರವ ಜಾಸ್ತಿ. ಅಲ್ಲಿನ ದೊಡ್ಡ ರೈಲು ಮಾರ್ಗಗಳೆಲ್ಲ ಊರಿನ ನಡುಭಾಗಕ್ಕೆ, ಪೂರ್ವ ಪಶ್ಚಿಮವಾಗಿ ಓಡುತ್ತವೆ. ಉತ್ತರ ದಕ್ಷಿಣಕ್ಕೆ ಹೋಗಲು ಸರಿಯಾದ ದಾರಿ ಇರಲಿಲ್ಲ. ಈ 16 ಕಿಲೋಮೀಟರ್ ಮಾರ್ಗ ಅವನ್ನೆಲ್ಲ ಅಡ್ಡಲಾಗಿ ಕಟ್ಟಿಹಾಕಿತು. ಮೆಟ್ರೊ ತುಂಬುವಷ್ಟು ಜನ ಇಲ್ಲ, ಬಸ್ಸಿಗೆ ತಾಳಲಾರದಷ್ಟು ಜನ ಇದ್ದಾರೆ. ಮೊನೊರೈಲಿಗೆ ಹೇಳಿಮಾಡಿಸಿದ ಜಾಗ ಅಂದರೆ ಅಂಥದ್ದು.

ಜನ ಅದಕ್ಕಿಂತ ಜಾಸ್ತಿಯಾದರೆ ಏನಾಗುತ್ತದೆ ಅನ್ನುವುದು ಮತ್ತೆ ಚೊಂಗ್‌ಚಿಂಗ್‌ನಲ್ಲೇ ಕಾಣುತ್ತದೆ. 2011ರಲ್ಲಿ ಶುರುವಾದ ಅಲ್ಲಿನ 3ನೇ ಮಾರ್ಗ ಈಗ 60 ಕಿಲೋಮೀಟರಿಗೂ ಉದ್ದ, ಪ್ರಪಂಚದಲ್ಲೇ ಅತಿ ಉದ್ದದ ಮೊನೊರೈಲು ಮಾರ್ಗ. ಬೆಳಗ್ಗೆ ಸಂಜೆ ಅದರಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬೋಗಿ ಸೇರಿಸಿ 8ಕ್ಕೆ ಏರಿಸಿದರೂ ನೂಕುನುಗ್ಗಲು ತಪ್ಪಲಿಲ್ಲ. ಆಮೇಲೆ ಆ ನಗರ ಕಟ್ಟಿದ ಹೊಸ ಮಾರ್ಗಗಳಿಗೆ ಸಾಮಾನ್ಯ ಮೆಟ್ರೊವನ್ನೇ ಆರಿಸಿಕೊಂಡಿತು. ಮೊನೊರೈಲಿನಲ್ಲಿ ಅವರಷ್ಟು ಪಳಗಿದವರು ಕಮ್ಮಿ. ಹಾಗಾಗಿ ಅವರ ತೀರ್ಮಾನಕ್ಕೆ ತೂಕ ಜಾಸ್ತಿ.

ನಿಮ್ಮ ನಗರದಲ್ಲಿ ಹೊಸ ಮೊನೊರೈಲಿನ ಮಾತು ಎದ್ದರೆ ಚಂದದ ಚಿತ್ರಗಳನ್ನು ಬದಿಗಿಟ್ಟು ನಕ್ಷೆ ಕೇಳಿ. ತುದಿ ನಿಲ್ದಾಣದಿಂದ ಮುಂದಿನ ರೈಲಿಗೋ ಬಸ್ಸಿಗೋ ಎಷ್ಟು ಹೆಜ್ಜೆ ನಡೆಯಬೇಕು, ದಟ್ಟಣೆಯ ಹೊತ್ತಲ್ಲಿ ಎಷ್ಟು ನಿಮಿಷಕ್ಕೊಂದು ರೈಲು, ಎಷ್ಟು ಕಡೆ ಬೀಮ್ ಬದಲಿಸಬಹುದು, ಕಾಲುದಾರಿ ಉದ್ದಕ್ಕೂ ಇದೆಯೇ ಅಂತ ಕೇಳಿ. ಇದೇ ಬೀಮಿನ ಮೇಲೆ ಓಡುವ ರೈಲನ್ನು ಮಾಡುವ ಎರಡನೇ ಕಂಪನಿ ಯಾವುದು ಅಂತಲೂ ಕೇಳಿ. ಈ ಕೊನೆಯ ಪ್ರಶ್ನೆಗೆ ಹೆಸರು ಸಿಗದಿದ್ದರೆ, ಗುತ್ತಿಗೆಗೆ ಸಹಿ ಬೀಳುವ ಮೊದಲೇ ಮೂವತ್ತು ವರ್ಷಕ್ಕೆ ಸಾಕಾಗುವ ಬಿಡಿಭಾಗ, ರೈಲಿನ ಪೂರ್ತಿ ನಕ್ಷೆ, ಅದನ್ನು ಬೇರೆಯವರಿಂದ ಮಾಡಿಸಿಕೊಳ್ಳುವ ಹಕ್ಕು ಮೂರನ್ನೂ ಬರೆಸಿಕೊಳ್ಳಬೇಕು.